ವಿಜಯನಗರದ ಖಜಾನೆ ಸಾಲದಿಂದ ಹೊರಬಂದ ಬಗೆ

ತುಮಕೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಯುರೋಪಾ ಯೂನಿವರ್ಸಾಲಿಸ್ 4 ಎಂಬ, ರಾಜ್ಯ ಬೆಳೆಸಿ ಆಳುವ ಆಟವನ್ನು 1444ರ ವಿಜಯನಗರವಾಗಿ ಆಡುತ್ತಿದ್ದಾಗ, ಗೆದ್ದ ಪ್ರಾಂತ್ಯಗಳು ಹೆಚ್ಚಿದಷ್ಟೂ ತಿಂಗಳ ಲೆಕ್ಕ ಕೆಂಪು ಅಂಕಿಗೆ ಇಳಿದು ಸಾಲ ಬೆಳೆಯುತ್ತಿತ್ತು. ಸಲಹೆಗಾರರನ್ನು ತೆಗೆದುಹಾಕಿದರೂ ಸಾಲ ತೀರಲಿಲ್ಲ. ಎಲ್ಲೆಡೆ ದೇಗುಲ ಕಟ್ಟಿಸಿದ್ದೂ ವ್ಯರ್ಥವಾಯಿತು. 100 ಡಕಟ್ (ಆಟದ ನಾಣ್ಯ) ವೆಚ್ಚದ ದೇಗುಲವು ಮೂಲ ತೆರಿಗೆ (ಪ್ರಾಂತ್ಯದ ತೆರಿಗೆ ಶಕ್ತಿಯ ಅಂಕಿ) 3 ಇರುವ ಪ್ರಾಂತ್ಯದಲ್ಲಿ ವರ್ಷಕ್ಕೆ ಸುಮಾರು 1.2 ಡಕಟ್ ಮಾತ್ರ ತರುತ್ತದೆ.

ಫಲಿಸಿದ ಕ್ರಮ ಹೀಗಿದೆ. ಯುದ್ಧ ಮುಗಿದೊಡನೆ ಆರ್ಥಿಕ ಪುಟದಲ್ಲಿ ಸೇನಾ ನಿರ್ವಹಣೆಯ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆದು ವೆಚ್ಚ ಇಳಿಸಿ, ಒಳನಾಡಿನ ಕೋಟೆಗಳನ್ನು ನಿಷ್ಕ್ರಿಯಗೊಳಿಸಿದೆ, ಬಳಿಕ ಶೇ. 90ರ ಸ್ವಾಯತ್ತತೆಯಲ್ಲಿ (ಅಂದರೆ ತೆರಿಗೆಯ ಬಹುಪಾಲು ಖಜಾನೆಗೆ ಬಾರದ ಸ್ಥಿತಿಯಲ್ಲಿ) ಸಿಕ್ಕಿಕೊಂಡಿದ್ದ ಟೆರಿಟರಿಗಳ (ಅರೆ ಹಿಡಿತದ ಪ್ರದೇಶಗಳ) ಪೈಕಿ ತೆರಿಗೆ ಹೆಚ್ಚಿರುವವನ್ನು ಸ್ಟೇಟ್ (ನೇರ ಆಡಳಿತದ ಪ್ರದೇಶ) ಮಾಡಿ, ಪೂರ್ಣ ಕೋರ್ (ರಾಜ್ಯದ ಪೂರ್ಣ ಹಕ್ಕಿನ ಭಾಗ) ಆದ ಮೇಲಷ್ಟೇ ಅಲ್ಲಿ ದೇಗುಲ ಕಟ್ಟಿಸಿದೆ. ಮುಂದಿನ ಯುದ್ಧಕ್ಕೆ ಕೆಲವು ತಿಂಗಳು ಮೊದಲೇ ಸ್ಲೈಡರನ್ನು ಬಲಕ್ಕೆ ತರಬೇಕು, ಏಕೆಂದರೆ ನಿರ್ವಹಣೆ ಇಳಿಸಿದಾಗ ಕುಸಿದ ಸೈನ್ಯದ ಸ್ಥೈರ್ಯ ಮರಳುವುದು ನಿಧಾನವಾಗಿ, ತಿಂಗಳಿಗೊಂದಿಷ್ಟರಂತೆ.