ಹಾಲು, ಮೊಟ್ಟೆಯ ಅಲರ್ಜಿ: ರಕ್ತಪರೀಕ್ಷೆಯ ಅಂಕಿಯನ್ನು ಓದಲು ನಾನು ಕಲಿತ ಬಗೆ

ಮಕ್ಕಳ ಅಲರ್ಜಿ ಚಿಕಿತ್ಸೆಗೆ ತೊಡಗಿದ ಆರಂಭದ ವರ್ಷಗಳಲ್ಲಿ, ರಕ್ತದ ವರದಿಯಲ್ಲಿ ಯಾವುದಾದರೂ ಆಹಾರದ ವಿರುದ್ಧ ಐಜಿಇ (ಅಲರ್ಜಿಯ ಪ್ರತಿಕ್ರಿಯೆಗೆ ಕಾರಣವಾಗುವ ಪ್ರತಿಕಾಯ) ಲೀಟರಿಗೆ 0.35 ಕಿಲೋಯೂನಿಟ್ ದಾಟಿದ್ದರೆ ಆ ಆಹಾರವನ್ನು ನಿಲ್ಲಿಸುವಂತೆ ನಾನು ಬರೆದುಕೊಡುತ್ತಿದ್ದೆ. ಇಸಬು ಇದ್ದ ಒಂದೂವರೆ ವರ್ಷದ ಮಗುವೊಂದಕ್ಕೆ ಹೀಗೆಯೇ ಹಾಲು, ಮೊಟ್ಟೆ, ಗೋಧಿ ಮೂರನ್ನೂ ಬಿಡಿಸಿದೆ. ಆ ಮಗು ಅದುವರೆಗೆ ದಿನವೂ ಹಾಲು ಕುಡಿಯುತ್ತಿತ್ತು, ಒಮ್ಮೆಯೂ ಗಂದೆ ಎದ್ದಿರಲಿಲ್ಲ ಎಂಬುದನ್ನು ತಾಯಿ ಹೇಳಿದ್ದರೂ ನಾನು ವರದಿಯನ್ನೇ ನಂಬಿದೆ. ನಾಲ್ಕು ತಿಂಗಳಲ್ಲಿ ತೂಕ ಕುಗ್ಗಿತು, ಇಸಬು ಇದ್ದಂತೆಯೇ ಇತ್ತು. ಇಸಬಿರುವ ಮಕ್ಕಳಲ್ಲಿ ಒಟ್ಟು ಐಜಿಇ ಹೆಚ್ಚಿರುವುದರಿಂದ ತಿಂದು ಅರಗಿಸಿಕೊಳ್ಳುತ್ತಿರುವ ಆಹಾರಕ್ಕೂ ಪ್ರತಿಕಾಯ ಕಾಣಿಸಿಕೊಳ್ಳುತ್ತದೆ. ಪ್ರತಿಕಾಯ ಇರುವುದು ಬೇರೆ, ತಿಂದಾಗ ಪ್ರತಿಕ್ರಿಯೆ ಬರುವುದು ಬೇರೆ.

ಹಾಗೆಂದು ಅಂಕಿ ನಿರರ್ಥಕವಲ್ಲ. ಅಮೆರಿಕದ ಅಲರ್ಜಿ ತಜ್ಞ ಹ್ಯೂ ಸ್ಯಾಂಪ್ಸನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲಿಗೆ 15, ಮೊಟ್ಟೆಗೆ 7 ಕಿಲೋಯೂನಿಟ್‌ಗಿಂತ ಮೇಲಿದ್ದ ಮಕ್ಕಳಲ್ಲಿ ಶೇ. 95ರ ಆಸುಪಾಸಿನವರಿಗೆ ಪ್ರತಿಕ್ರಿಯೆ ಬರುತ್ತದೆಂದು ಲೆಕ್ಕ ಹಾಕಲಾಗಿತ್ತು. ಎರಡು ವರ್ಷದೊಳಗಿನವರಿಗೆ ಇತರ ಅಧ್ಯಯನಗಳು ಕೊಟ್ಟ ಗಡಿ ಇನ್ನೂ ಕೆಳಗಿದೆ, ಹಾಲಿಗೆ ಸುಮಾರು 5, ಮೊಟ್ಟೆಗೆ 2. ಇವೆಲ್ಲ ತಜ್ಞರ ಬಳಿಗೆ ಕಳುಹಿಸಲ್ಪಟ್ಟ, ಅಲರ್ಜಿಯ ಗುಮಾನಿ ಗಟ್ಟಿಯಾಗಿದ್ದ ಮಕ್ಕಳಿಂದ ಬಂದ ಅಂಕಿಗಳು ಎಂಬುದನ್ನು ಮರೆತು, ಯಾವ ಲಕ್ಷಣವೂ ಇಲ್ಲದ ಮಗುವಿಗೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾತು: ಅಂಕಿ ಹೇಳುವುದು ಪ್ರತಿಕ್ರಿಯೆಯ ಸಂಭವವನ್ನೇ ಹೊರತು ಅದರ ಉಗ್ರತೆಯನ್ನಲ್ಲ. ಹಾಲು ಕುಡಿದ ಹತ್ತೇ ನಿಮಿಷದಲ್ಲಿ ಮೈತುಂಬ ಗಂದೆ ಎದ್ದು ವಾಂತಿ ಮಾಡಿಕೊಂಡಿದ್ದ ಕೂಸೊಂದರ ಅಂಕಿ ಕೇವಲ 0.6 ಇತ್ತು. ಆ ಕೂಸಿಗೆ ಹಾಲು ನಿಲ್ಲಿಸಲು ನಾನು ತಡಮಾಡಲಿಲ್ಲ, ಏಕೆಂದರೆ ತಾಯಿಯ ವಿವರಣೆಯ ಮುಂದೆ 0.6 ಎಂಬುದು ಸಮಾಧಾನದ ಸುದ್ದಿಯಾಗಿರಲಿಲ್ಲ.

ಆದ್ದರಿಂದ ಈಗ ಮೊದಲು ಕೇಳುತ್ತೇನೆ: ಏನು ತಿಂದಿತು, ಎಷ್ಟು, ಹಸಿಯೋ ಬೆಂದದ್ದೋ, ಎಷ್ಟು ಹೊತ್ತಿಗೆ ಏನಾಯಿತು. ಆಮೇಲೆ ಗುಮಾನಿಯಿರುವ ಆಹಾರಕ್ಕೆ ಮಾತ್ರ ರಕ್ತ ಕಳುಹಿಸುತ್ತೇನೆ. ಗಂಟೆಗಳ ನಂತರ ಪದೇ ಪದೇ ವಾಂತಿಯಾಗಿ ಸೊರಗುವ ಕೂಸುಗಳದು ಐಜಿಇಗೆ ಸಂಬಂಧವಿಲ್ಲದ ತೊಂದರೆಯಾಗಿರಬಹುದು, ಅಲ್ಲಿ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಏನೂ ಕಾಣಿಸುವುದಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬಿಡಿ ಪ್ರೋಟೀನುಗಳ ಪರೀಕ್ಷೆ, ಅಂದರೆ ಇಡೀ ಆಹಾರದ ಬದಲು ಅದರೊಳಗಿನ ಒಂದೊಂದು ಪ್ರೋಟೀನಿನ ವಿರುದ್ಧ ಎಷ್ಟು ಐಜಿಇ ಇದೆಯೆಂದು ಅಳೆಯುವುದು. ಮೊಟ್ಟೆಯ ಓವಾಲ್ಬುಮಿನ್ ಬಿಸಿಗೆ ರೂಪಗೆಡುತ್ತದೆ, ಓವೊಮ್ಯೂಕಾಯ್ಡ್ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹಾಲಿನಲ್ಲಿ ಹಾಗೆ ತಾಳುವುದು ಕೇಸಿನ್. ಓವೊಮ್ಯೂಕಾಯ್ಡಿಗೆ ಪ್ರತಿಕಾಯ ಕಡಿಮೆಯಿರುವ ಮಗು ಹಿಟ್ಟಿನೊಡನೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಸಹಿಸುವ ಸಾಧ್ಯತೆ ಹೆಚ್ಚು. ಕೇಸಿನ್ ಅಂಕಿ ಎತ್ತರದಲ್ಲಿದ್ದರೆ ಬೆಂದ ಹಾಲಿನ ಪ್ರಯತ್ನಕ್ಕೂ ನಾನು ಅವಸರಪಡುವುದಿಲ್ಲ.

ಅಂಕಿ ನಡುಮಟ್ಟದಲ್ಲಿದ್ದಾಗ ಉಳಿಯುವ ದಾರಿ, ಆಸ್ಪತ್ರೆಯಲ್ಲಿ ಕಣ್ಣೆದುರು ತಿನ್ನಿಸಿ ನೋಡುವುದು. ಹಿಸ್ಟಮಿನ್ ವಿರೋಧಿ ಔಷಧಿ ರಕ್ತಪರೀಕ್ಷೆಗೆ ಅಡ್ಡಿಯಾಗದು, ಆದರೆ ಇಲ್ಲಿ ಲಕ್ಷಣಗಳನ್ನು ಮುಚ್ಚಿಡುವುದರಿಂದ ಕೆಲವು ದಿನ ಮೊದಲೇ ನಿಲ್ಲಿಸಿರಬೇಕು. ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ 20–30 ನಿಮಿಷಕ್ಕೊಮ್ಮೆ ಹೆಚ್ಚಿಸುತ್ತ ಹೋಗುತ್ತೇವೆ, ತೀವ್ರ ಪ್ರತಿಕ್ರಿಯೆಯಾದರೆ ಕೊಡುವ, ತೂಕದ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರುತ್ತದೆ, ಕೊಟ್ಟರೆ ತೊಡೆಯ ಸ್ನಾಯುವಿಗೆ. ಮನೆಯಲ್ಲಿ ಇದನ್ನು ಮಾಡಲು ಹೋಗಬಾರದು.

ಮೊಟ್ಟೆಗೆ 11 ಇದ್ದ ಹುಡುಗಿಯೊಬ್ಬಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದೆ. ಮೂರು ವರ್ಷಗಳಲ್ಲಿ ಅದು 1.8ಕ್ಕೆ ಇಳಿಯಿತು. ಒಮ್ಮೆಯ ಅಂಕಿಗಿಂತ ಇಂಥ ಇಳಿಮುಖಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬೇಯಿಸಿದ ಮೊಟ್ಟೆ ಸೇರಿದ ಕೇಕನ್ನು ಅವಳು ನಮ್ಮೆದುರು ತಿಂದು ಮುಗಿಸಿದಳು, ಈಗ ಮನೆಯಲ್ಲೂ ತಿನ್ನುತ್ತಾಳೆ. ಅರೆಬೆಂದ ಮೊಟ್ಟೆಯನ್ನು ಇನ್ನೂ ಕೊಟ್ಟಿಲ್ಲ.