ಎಫ್‌ಟಿ8ನಲ್ಲಿ 73 ಆದ್ಮೇಲೂ ಮಾತಾಡ್ಬಹುದು – ನನ್ನ ಅನುಭವ

ಎಫ್‌ಟಿ8 ಅಂದ್ರೆ ಕಂಪ್ಯೂಟರ್ ಹಚ್ಚಿ ರೇಡಿಯೋಲಿ ಪುಟ್ಟ ಪುಟ್ಟ ಸಂದೇಶ ಕಳ್ಸೋ ಮೋಡ್. ಇದ್ರ ಬಗ್ಗೆ ಹ್ಯಾಮ್‌ಗಳದ್ದು (ಹವ್ಯಾಸಿ ರೇಡಿಯೋದವ್ರದ್ದು) ಒಂದೇ ಗೊಣಗಾಟ, ಕಾಲ್‌ಸೈನು (ನಮ್ಮ ಗುರುತು), ಗ್ರಿಡ್ಡು (ಜಾಗದ ಕೋಡು), ರಿಪೋರ್ಟು (ಸಿಗ್ನಲ್ ಎಷ್ಟು ಜೋರು ಅನ್ನೋ ಅಂಕಿ), 73 (ನಮಸ್ಕಾರ), ಆಮೇಲೆ ನೀನ್ಯಾರೋ ನಾನ್ಯಾರೋ ಅಂತ. ನಿಜಾನೇ ಬಿಡಿ. 2017ರಲ್ಲಿ ಜೋ ಟೇಲರ್, ಸ್ಟೀವ್ ಫ್ರಾಂಕೆ ಇದನ್ನ ಮಾಡಿದ್ದು ವೀಕ್ ಸಿಗ್ನಲ್‌ಗೆ, ಹರಟೆಗಲ್ಲ. ಆದ್ರೆ ಹರಟೆಗೆ ಆಳು ಹುಡುಕೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ತುಮಕೂರಲ್ಲಿ ಮನೆ ಮೇಲಿನ ಡೈಪೋಲ್ ಆಂಟೆನಾ ಇಟ್ಕೊಂಡು ನಾನು ಮಾಡ್ತಿರೋದು ಅದನ್ನೇ.

ಮೊದ್ಲು ಮುಗಿಸೋದು ನೆಟ್ಟಗಿರ್ಬೇಕು. ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನೋ ಎಫ್‌ಟಿ8 ಸಾಫ್ಟ್‌ವೇರ್‌ನಲ್ಲಿ ಟಿಎಕ್ಸ್4 (ಟಿಎಕ್ಸ್ ಅಂದ್ರೆ ಕಳ್ಸೋದು, ಇದು ನಾಲ್ಕನೇ ಸಂದೇಶ) ಬಟನ್ ಡಬಲ್ ಕ್ಲಿಕ್ ಮಾಡಿದ್ರೆ ಆರ್‌ಆರ್‌ಆರ್ (ನಿಮ್ದು ಸಿಕ್ತು) ಹೋಗಿ ಆರ್‌ಆರ್73 ಬರುತ್ತೆ, ಇನ್ನೊಂದ್ಸಲ ಮಾಡಿದ್ರೆ ವಾಪಸ್. ಸಿಗ್ನಲ್ ಚೆನ್ನಾಗಿದ್ರೆ ಆರ್‌ಆರ್73, ಸಿಕ್ತು ನಮಸ್ಕಾರ ಅಂತ ಒಂದೇ ಏಟಿಗೆ ಮುಗಿಯುತ್ತೆ. -18, -20 ಡೆಸಿಬಲ್‌ನ ಸಣ್ಣ ಸಿಗ್ನಲ್‌ನಲ್ಲಿ ಒದ್ದಾಡ್ತಿದ್ರೆ ಆರ್‌ಆರ್‌ಆರ್ ಇಟ್ಟು ಅವ್ರ 73 ಬರೋತನಕ ಕಾಯ್ತೀನಿ. ಆರ್‌ಆರ್73 ಕಳಿಸಿದ ತಕ್ಷಣ ಸಿಕ್ಯೂಗೆ (ಯಾರಾದ್ರೂ ಬನ್ನಿ ಅನ್ನೋ ಹೊಸ ಕರೆಗೆ) ಹಾರೋರನ್ನ ಕಂಡ್ರೆ ನಂಗೆ ಆಗಲ್ಲ, ಒಂದು 15 ಸೆಕೆಂಡ್ ಸ್ಲಾಟ್ ಸುಮ್ನೆ ಕೇಳಿಸ್ಕೊಳ್ಳಿ, ಅವ್ರು ಮತ್ತೆ ಆರ್ ಹಚ್ಚಿ ರಿಪೋರ್ಟೇ ಕಳ್ಸಿದ್ರೆ ನಿಮ್ದು ಅವರಿಗೆ ಮುಟ್ಟಿಲ್ಲ ಅಂತ, ಟಿಎಕ್ಸ್4 ಇನ್ನೊಂದ್ಸಲ ಹೊಡೀರಿ.

ಇನ್ನು ಮುಂದುವರಿಸೋದು. ಟಿಎಕ್ಸ್5ರಲ್ಲಿ ನಮಗೆ ಬೇಕಾದ್ದು ಟೈಪ್ ಮಾಡ್ಬಹುದು, ಆದ್ರೆ ಸ್ಪೇಸೂ ಸೇರಿ 13 ಅಕ್ಷರ ಅಷ್ಟೇ. "ಕ್ಯೂಎಸ್‌ವೈ 14070 ಪಿಎಸ್‌ಕೆ" ಅಂತ ಇಂಗ್ಲಿಷ್‌ನಲ್ಲಿ ಹೊಡೆದ್ರೆ ಕರೆಕ್ಟಾಗಿ 13! ಕ್ಯೂಎಸ್‌ವೈ ಅಂದ್ರೆ ಫ್ರೀಕ್ವೆನ್ಸಿ ಬದ್ಲಾಯ್ಸು, ಎಫ್‌ಟಿ8 ನಡೆಯೋ 14.074 ಮೆಗಾಹರ್ಟ್ಸ್‌ನಿಂದ ನಾಲ್ಕು ಕಿಲೋಹರ್ಟ್ಸ್ ಕೆಳಗೆ ಬಾ, ಪಿಎಸ್‌ಕೆ31 ಅನ್ನೋ ಟೈಪ್ ಮಾಡಿ ಹರಟೋ ಮೋಡ್‌ನಲ್ಲಿ ಮಾತಾಡೋಣ ಅಂತ. ಇದ್ರಲ್ಲಿ ಕಾಲ್‌ಸೈನಿಗೆ ಜಾಗ ಇಲ್ಲ, ಅದಕ್ಕೇ 73 ಆದ ಕೂಡ್ಲೇ, ಅದೇ ಆಡಿಯೋ ಫ್ರೀಕ್ವೆನ್ಸಿಲೇ ಕಳಿಸ್ಬೇಕು, ಲೇಟಾದ್ರೆ ಯಾರು ಯಾರನ್ನ ಕರೀತಿದಾರೆ ಗೊತ್ತಾಗಲ್ಲ. 73 ಆದ್ಮೇಲೆ ಟಿಎಕ್ಸ್ ಆಫ್ ಆಗೋ ಸೆಟ್ಟಿಂಗ್ ಹಾಕಿದ್ರೆ ಎನೇಬಲ್ ಟಿಎಕ್ಸ್ ಮತ್ತೆ ಒತ್ತೋದು ಮರೀಬೇಡಿ.

ಎಲ್ಲರನ್ನೂ ಕರೆಯಲ್ಲ. ಎರಡೂ ಕಡೆ ರಿಪೋರ್ಟ್ -5ಕ್ಕಿಂತ ಮೇಲಿದ್ರೆ ಮಾತ್ರ, ಯಾಕಂದ್ರೆ ಎಫ್‌ಟಿ8 ಹಿಡಿಯೋ ಸಣ್ಣ ಸಿಗ್ನಲ್ ಪಿಎಸ್‌ಕೆಗೆ ಎಟಕಲ್ಲ. ಸುಮಾರು ಜನ ಬರಲ್ಲ, ಪರ್ವಾಗಿಲ್ಲ, ಒಂದೆರಡು ನಿಮಿಷ ಕಾದು ವಾಪಸ್ ಬರ್ತೀನಿ.

ಬಂದೋರ ಜೊತೆ ಮಾತ್ರ ಮಜಾ. ಒಂದ್ಸಂಜೆ ಇಂಡೋನೇಷ್ಯಾದವ್ರೊಬ್ರು ಬಂದ್ರು, ಆಂಟೆನಾ ಎಲ್ಲಿ ಕಟ್ಟಿದೀಯ ಅಂದ್ರು, ಒಂದು ತುದಿ ತೆಂಗಿನಮರಕ್ಕೆ ಅಂದೆ, ನಂದೂ ಅಷ್ಟೇ ಅಂದ್ರು, ಅಲ್ಲಿಂದ ತಿಪಟೂರು ಕೊಬ್ಬರಿ ತನಕ ಹೋಯ್ತು ಮಾತು. ಇಂಥ ಕಡೆ ರಿಗ್ಗು (ರೇಡಿಯೋ ಸೆಟ್ಟು), ಆಂಟೆನಾ, ಕಂಪ್ಯೂಟರು ಎಲ್ಲಾ ಒದರೋ ರೆಡಿಮೇಡ್ ಮ್ಯಾಕ್ರೋ ಒತ್ಬೇಡಿ, ಕೈಯಲ್ಲೇ ಟೈಪ್ ಮಾಡಿ, ಅದೂ ಸಣ್ಣ ಅಕ್ಷರದಲ್ಲಿ. ಪಿಎಸ್‌ಕೆ31 ಕೋಡ್‌ನಲ್ಲಿ ಕ್ಯಾಪಿಟಲ್‌ಗೆ ಜಾಸ್ತಿ ಬಿಟ್‌ಗಳು ಬೇಕು, ಇರೋದೇ ಸೆಕೆಂಡಿಗೆ 31.25 ಬಿಟ್, ಕ್ಯಾಪ್ಸ್ ಲಾಕ್ ಹಾಕಿದ್ರೆ ಆಮೆ ನಡಿಗೆ. ಆಡಿಯೋ ಲೆವೆಲ್ಲೂ ಇಳಿಸಿ, ರಿಗ್ಗಿನ ಎಎಲ್‌ಸಿ ಮೀಟರ್ (ಆಡಿಯೋ ಜಾಸ್ತಿಯಾದ್ರೆ ಏಳೋದು) ಅಲುಗಾಡ್ಬಾರ್ದು, ಇಲ್ಲಾಂದ್ರೆ ಸಿಗ್ನಲ್ ಅಗಲ ಆಗಿ ಪಕ್ಕದೋರ ಮೇಲೆ ಬೀಳುತ್ತೆ.

ಇಲ್ಲಿ ಮುಗಿಸುವಾಗ ಎರಡೂ ಕಾಲ್‌ಸೈನು ಹಾಕಿ ಎಸ್‌ಕೆ (ಮಾತು ಮುಗೀತು) ಅಂತ ಕೊಟ್ರೆ ಕಾಯ್ತಿರೋರಿಗೂ ಗೊತ್ತಾಗುತ್ತೆ. ಲಾಗ್‌ನಲ್ಲಿ ಎಫ್‌ಟಿ8ಗೆ ಒಂದು, ಪಿಎಸ್‌ಕೆಗೆ ಒಂದು, ಬೇರೆಬೇರೆ ಎಂಟ್ರಿ ಹಾಕಿ, ಟೈಮ್ ಯುಟಿಸಿ (ಜಾಗತಿಕ ಸಮಯ). ಗ್ರಿಡ್ ಕೂಡ ನೋಡ್ಕೊಳ್ಳಿ, ತುಮಕೂರು ಎಂಕೆ83, ಬೆಂಗಳೂರಿನ ಗೆಳೆಯರ ಸೆಟ್ಟಿಂಗ್ಸ್ ಕಾಪಿ ಹೊಡೆದ್ರೆ ಎಂಕೆ82 ಅಂತ ಬಂದ್ಬಿಡುತ್ತೆ.