ಮಂಗಳೂರಿಗೆ ಹೊರಟ ಕಲಬುರಗಿಯವರಿಗೆ: ಮಳೆಯೂರಿನ ಸಂಸಾರ

ಮಂಗಳೂರಿಗೆ ಸಾಮಾನು ಕಟ್ಟುವಾಗ ಏರ್ ಕೂಲರ್ ಊರಲ್ಲೇ ಬಿಟ್ಟು ಹೋಗಿ. ನಮ್ಮ ಒಣ ಬಿಸಿಲಿಗೆ ಹುಲ್ಲಿನ ಪ್ಯಾಡಿನ ನೀರು ಬೇಗ ಆರುತ್ತದೆ, ಗಾಳಿ ತಣ್ಣಗಾಗುತ್ತದೆ. ಕರಾವಳಿ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆರುವುದೇ ಇಲ್ಲ; ಕೋಣೆ ಇನ್ನಷ್ಟು ಜಿಗುಟಾಗುತ್ತದೆ. ಅಲ್ಲಿಗೆ ಫ್ಯಾನೇ ಸರಿ.

ಕಲಬುರಗಿಯಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ; ಮಂಗಳೂರಿನಲ್ಲಿ 3,500 ದಾಟುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಬಾಡಿಗೆ ಮನೆಯನ್ನು ಏಪ್ರಿಲ್‌ನಲ್ಲಿ ನೋಡಿದರೂ ಮಳೆಗಾಲದ ಕಣ್ಣಿನಿಂದ ನೋಡಬೇಕು. ಗಾಳಿಮಳೆ ಹೊಡೆಯುವುದು ನೈರುತ್ಯದಿಂದ. ಆ ಕಡೆಯ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆಯೇ, ಬಿಳಿ ಉಪ್ಪು ಬಂದಿದೆಯೇ ನೋಡಿ. ಬೀರು ಸರಿಸಿ ಹಿಂದೆ ಮೂಸಿ ನೋಡಲು ನಾಚಿಕೆ ಬೇಡ. ಮೇಲಿನ ಮಹಡಿಯಾದರೆ ಟೆರೇಸಿನ ಮೇಲೆ ಶೀಟ್ ಹಾಕಿರುವ ಕಟ್ಟಡವನ್ನೇ ನಾನು ಆರಿಸುತ್ತೇನೆ. ಸ್ಲ್ಯಾಬ್ ಸೋರುವುದಿಲ್ಲ, ಬಟ್ಟೆ ಒಣಗಿಸಲೂ ಜಾಗ ಸಿಗುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡಿ. ಗಾಳಿ ಆಡದಿದ್ದರೆ ಹಿಂಬದಿ ಬೂಷ್ಟು ಹಿಡಿಯುತ್ತದೆ.

ನಮ್ಮವರು ಸೋಲುವುದು ಅಡುಗೆಮನೆಯಲ್ಲಿ. ಜೋಳದ ಹಿಟ್ಟು ಮೂಟೆಗಟ್ಟಲೆ ಒಯ್ಯಬೇಡಿ. ತೇವಕ್ಕೆ ಕಹಿಯಾಗುತ್ತದೆ, ಹಳತಾದಂತೆ ಜಿಗಿ ಹೋಗಿ ತಟ್ಟುವಾಗ ರೊಟ್ಟಿ ಸೀಳುತ್ತದೆ. ಕಾಳನ್ನೇ ಒಯ್ಯಿರಿ. ಮೇ ಬಿಸಿಲಿಗೆ ಊರಲ್ಲಿ ಚೆನ್ನಾಗಿ ಒಣಗಿಸಿ, ಪೂರಾ ಆರಿದ ಮೇಲೆಯೇ ಡಬ್ಬಿಗೆ ತುಂಬಿ; ಬಿಸಿಯಿದ್ದಾಗ ತುಂಬಿದರೆ ಒಳಗೇ ಬೆವರುತ್ತದೆ. ಹಿಟ್ಟು ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಖಡಕ್ ರೊಟ್ಟಿ ಮೆತ್ತಗಾದರೆ ಸಣ್ಣ ಉರಿಯ ಹಂಚಿನ ಮೇಲಿಟ್ಟು ತಿರುವಿದರೆ ಮತ್ತೆ ಗರಿಯಾಗುತ್ತದೆ. ಶೇಂಗಾ ಮಾತ್ರ ಹಾಗಲ್ಲ: ಬೂಷ್ಟು ಕಂಡರೆ ಹುರಿದು ಹಿಂಡಿ ಕುಟ್ಟುವ ಲೆಕ್ಕ ಹಾಕಬೇಡಿ. ಅದರ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಎಸೆದುಬಿಡಿ.

ಜುಲೈಯಲ್ಲಿ ದಿನಗಟ್ಟಲೆ ಬಿಸಿಲು ಮುಖ ತೋರಿಸದಿದ್ದಾಗ ಜೀನ್ಸ್ ಒಗೆಯುವುದು ದಂಡ. ತೆಳು ಬಟ್ಟೆ ಹಾಕಿ, ಮಶಿನ್‌ನಲ್ಲಿ ಎರಡು ಸಲ ಹಿಂಡಿಸಿ, ಗೇಣು ಅಂತರ ಬಿಟ್ಟು ಫ್ಯಾನಿನ ಕೆಳಗೆ ಹರವಿ. ನಿಧಾನವಾಗಿ ಒಣಗಿದಷ್ಟೂ ಮುಗ್ಗಲು ವಾಸನೆ ಹೆಚ್ಚು. ಚರ್ಮದ ಚಪ್ಪಲಿ, ಬೆಲ್ಟ್ ಮಳೆಗಾಲಕ್ಕೆ ಒಳಗಿರಲಿ. ಗಾಡಿಯ ಚೈನಿಗೆ ವಾರಕ್ಕೊಮ್ಮೆ ಎಣ್ಣೆ ಬೇಕು. ಸಮುದ್ರದ ಹತ್ತಿರ ಉಪ್ಪುಗಾಳಿಗೆ ತುಕ್ಕು ಇನ್ನೂ ಬೇಗ. ಕಾಲಿಗೆ ಗಾಯವಿದ್ದರೆ ನಿಂತ ನೀರಲ್ಲಿ ನಡೆಯಬೇಡಿ, ಇಲಿಜ್ವರದ ಭಯವಿದೆ. ಸೊಳ್ಳೆ ಪರದೆ ಮೊದಲ ದಿನವೇ ಕಟ್ಟಿ.

ಲಾಭವೂ ಸಣ್ಣದಲ್ಲ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟಿದಾಗ ಅಲ್ಲಿ ಸಾಮಾನ್ಯವಾಗಿ 34–35; ಬೆವರು ಸುರಿದರೂ ಮಧ್ಯಾಹ್ನ ಹೊರಗೆ ಓಡಾಡಬಹುದು. ಬಾವಿ ನೀರು ಮೆದು. ನಮ್ಮ ಬೋರ್ ನೀರಿನಂತೆ ಗೀಸರ್ ಕಾಯಿಲ್‌ಗೆ ಬಿಳಿ ಪದರು ಕಟ್ಟುವುದಿಲ್ಲ, ಸಾಬೂನು ಕೂಡಲೇ ನೊರೆ ಬರುತ್ತದೆ. ಮೀನು ತಿನ್ನುವವರಿಗಂತೂ ಸುಗ್ಗಿ. ಆದರೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ದರ ಏರುತ್ತದೆ.

ಇಷ್ಟು ಮಳೆಯ ಊರಿಗೆ ನೀರಿನ ಚಿಂತೆ ಇಲ್ಲ ಎಂದುಕೊಳ್ಳಬೇಡಿ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಘಟ್ಟದಿಂದ ಇಳಿದ ಮಳೆನೀರು ಬೇಗ ಕಡಲು ಸೇರುತ್ತದೆ, ಬೇಸಿಗೆಗೆ ಉಳಿಯುವುದು ಸ್ವಲ್ಪ. 2019ರಲ್ಲೂ 2023ರಲ್ಲೂ ಸರದಿಯ ಮೇಲೆ ನೀರು ಬಿಟ್ಟಿದ್ದರು. ಬಾವಿ ಇರುವ ಮನೆ ಸಿಕ್ಕರೆ ಬಾಡಿಗೆ ತುಸು ಹೆಚ್ಚಾದರೂ ಹಿಡಿಯಿರಿ. ಅದು ಮೇ ತಿಂಗಳಲ್ಲೂ ಬತ್ತುವುದಿಲ್ಲವೇ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.